ಕರೆಂಟ್ ಬಲ್ಬಿನಲ್ಲಿ ಖರ್ಚಾಗುತ್ತದಾ ಸರ್? ಹೈಸ್ಕೂಲ್ ಮಕ್ಕಳು ಪದೇ ಪದೇ ಕೇಳುವ ಸರ್ಕ್ಯೂಟ್ ಪ್ರಶ್ನೆಗಳು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಸಂಜೆ ಹೊತ್ತು ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಹೆಚ್ಚಿನವರ ಮನೆಯಲ್ಲಿ ಕನ್ನಡ, ಇಲ್ಲವೇ ತುಳು. ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್. ಪ್ರತಿ ವರ್ಷ ಮಕ್ಕಳು ಬದಲಾಗುತ್ತಾರೆ, ಪ್ರಶ್ನೆಗಳು ಮಾತ್ರ ಅವೇ. ಅಪ್ಪ ಅಮ್ಮಂದಿರೂ ಅವನ್ನೇ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಶಾಲೆಯಲ್ಲಿ ಒಂದು ಪದ, ಮನೆಯಲ್ಲಿ ಇನ್ನೊಂದು. ಯಾವುದನ್ನು ಕಲಿಯಬೇಕು?

ಈ ಪಾಠದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಮರಾಠಿ ಪುಸ್ತಕದ ‘ವಿಭವಾಂತರ’ (ವೋಲ್ಟೇಜು) ಕನ್ನಡದಲ್ಲೂ ವಿಭವಾಂತರವೇ. ‘ರೋಧ’ (ಕರೆಂಟಿಗಿರುವ ತಡೆ) ಎರಡರಲ್ಲೂ ರೋಧವೇ. ‘ಸಮಾಂತರ ಜೋಡಣಿ’ (ಪ್ಯಾರಲಲ್) ನಮ್ಮಲ್ಲಿ ಸಮಾಂತರ ಜೋಡಣೆ. ಬೇರೆಯಾಗುವುದು ಎರಡೇ. ‘ಏಕಸರ’ಕ್ಕೆ (ಸೀರೀಸ್) ಕನ್ನಡದಲ್ಲಿ ಸರಣಿ ಜೋಡಣೆ ಎನ್ನುತ್ತೇವೆ. ಮರಾಠಿಯ ವಿದ್ಯುತ್‌ಧಾರೆ ನಮ್ಮ ವಿದ್ಯುತ್ ಪ್ರವಾಹ. ಪರೀಕ್ಷೆಯಲ್ಲಿ ಶಾಲೆಯ ಪದವನ್ನೇ ಬರೆಯಿರಿ. ಯೋಚಿಸುವುದು ಮಾತ್ರ ಮನೆಯ ಮಾತಿನಲ್ಲೇ ಇರಲಿ. ಇಲ್ಲಿ ನಾನು ಕರೆಂಟು, ವೋಲ್ಟೇಜು, ಸೀರೀಸು, ಪ್ಯಾರಲಲ್ಲು ಎಂದೇ ಬರೆಯುತ್ತೇನೆ. ಎಲೆಕ್ಟ್ರಿಷಿಯನ್ ಹೇಳುವುದೂ ಹಾಗೇ ಅಲ್ವಾ.

ಊರಲ್ಲಿ ನಾವು ‘ಕರೆಂಟ್ ಹೋಯ್ತು’ ಅನ್ನುತ್ತೇವೆ. ಇಲ್ಲಿ ಮರಾಠಿಯವರು ‘ಲೈಟ್ ಗೇಲಿ’ ಅನ್ನುವುದನ್ನು ಕೇಳಿ ಕೇಳಿ ನಮ್ಮ ಮಕ್ಕಳು ‘ಲೈಟ್ ಹೋಯ್ತು’ ಅನ್ನುತ್ತಾರೆ. ಫಿಸಿಕ್ಸ್ ಮೇಷ್ಟ್ರಾಗಿ ನನ್ನ ವೋಟು ಊರಿನ ಮಾತಿಗೆ. ಮೊದಲು ಹೋಗಿದ್ದು ಕರೆಂಟೇ.

ವೈರಿನಲ್ಲಿ ನಿಜವಾಗಿ ಹರಿಯುವುದೇನು?

ಎಲೆಕ್ಟ್ರಾನ್‌ಗಳು. ತಾಮ್ರದ ವೈರಿನಲ್ಲಿ ಅವು ಮೊದಲಿಂದಲೇ ಇರುತ್ತವೆ. ಸೆಲ್ಲು ಅವನ್ನು ಹುಟ್ಟಿಸುವುದಿಲ್ಲ, ಬರೀ ತಳ್ಳುತ್ತದೆ. ಒಂದು ಜಾಗವನ್ನು ಸೆಕೆಂಡಿಗೆ ಎಷ್ಟು ಚಾರ್ಜು (ಎಲೆಕ್ಟ್ರಾನ್‌ಗಳು ಹೊತ್ತ ವಿದ್ಯುದಂಶ) ದಾಟಿತು ಎಂಬುದೇ ಕರೆಂಟು. ಚಾರ್ಜಿನ ಅಳತೆ ಕೂಲಂಬ್; ಸೆಕೆಂಡಿಗೆ ಒಂದು ಕೂಲಂಬ್ ದಾಟಿದರೆ ಒಂದು ಆಂಪಿಯರ್. ಎಲೆಕ್ಟ್ರಾನ್ ಲೆಕ್ಕದಲ್ಲಿ ಹೇಳಿದರೆ 6.24 ಗುಣಿಸು 10ರ ಘಾತ 18. ಎಣಿಸಲು ಕೂರಬೇಡಿ.

ಹಾಗಾದರೆ ಅವು ಬೆಳಕಿನ ವೇಗದಲ್ಲಿ ಓಡುತ್ತವೆಯೇ? ಸ್ವಿಚ್ಚು ಒತ್ತಿದ ಕೂಡಲೇ ಬಲ್ಬು ಹತ್ತುತ್ತದಲ್ಲ?

ಇಲ್ಲ. ತೆವಳುತ್ತವೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನಲ್ಲಿ ಒಂದು ಆಂಪಿಯರ್ ಹರಿದರೆ ಎಲೆಕ್ಟ್ರಾನ್‌ಗಳು ಸರಾಸರಿ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮುಂದೆ ಸರಿಯುತ್ತವೆ. ಒಂದು ಮೀಟರ್ ದಾಟಲು ಮೂರೂಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ನಾವು ಡೊಂಬಿವಲಿಯಿಂದ ಚರ್ಚ್‌ಗೇಟಿಗೆ ಹೋಗಿ ವಾಪಸ್ ಬರಬಹುದು, ದಾದರಿನಲ್ಲಿ ಗಾಡಿ ಬದಲಿಸಿಯೂ.

ಮತ್ತೆ ಬಲ್ಬು ತಕ್ಷಣ ಹತ್ತುವುದು ಹೇಗೆ? ವೈರು ಸದಾ ತುಂಬಿರುವ ಪೈಪು ಇದ್ದ ಹಾಗೆ. ತುಂಬಿದ ಪೈಪಿನ ಒಂದು ತುದಿಯಲ್ಲಿ ತಳ್ಳಿದರೆ ಇನ್ನೊಂದು ತುದಿಯಲ್ಲಿ ಆಗಲೇ ನೀರು ಬೀಳುತ್ತದೆ. ತಳ್ಳಿದ ನೀರೇ ಅಲ್ಲಿಗೆ ಹೋಗಬೇಕಿಲ್ಲ. ಇದನ್ನು ಹೇಳಿದಾಗ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಬೆಳೆದ ಹುಡುಗಿಯೊಬ್ಬಳು ತಕ್ಷಣ ತಕರಾರು ತೆಗೆದಳು: ‘ಸರ್, ನಮ್ಮ ನಲ್ಲಿಯಲ್ಲಿ ಬೆಳಗ್ಗೆ ಮೊದಲು ಹತ್ತು ನಿಮಿಷ ಬುಸ್ ಅಂತ ಗಾಳಿ ಬರುತ್ತೆ.’ ಸರಿಯಾದ ಮಾತು. ಅದು ಖಾಲಿ ಪೈಪು. ವೈರು ಯಾವತ್ತೂ ಖಾಲಿಯಾಗುವುದಿಲ್ಲ. ಇಡೀ ಸರ್ಕ್ಯೂಟಿಗೆ ತಳ್ಳಾಟ ತಲುಪುವುದು ಬೆಳಕಿನ ವೇಗದ ಹತ್ತಿರ ಹತ್ತಿರ, ಎಲೆಕ್ಟ್ರಾನ್ ಸರಿಯುವುದು ಇರುವೆಗಿಂತ ನಿಧಾನ. ಈ ಎರಡು ವೇಗಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ.

ಬಲ್ಬು ಕರೆಂಟನ್ನು ತಿಂದುಬಿಡುತ್ತದೆ ಅಲ್ವಾ? ಮೀಟರ್ ಓಡುವುದು ಅದಕ್ಕೇ ತಾನೇ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಕರೆಂಟು ಖರ್ಚಾಗುವುದಿಲ್ಲ. ಬಲ್ಬಿನ ಒಳಗೆ ಹೋದ ಕರೆಂಟು ಅಷ್ಟೂ ಹೊರಗೆ ಬರುತ್ತದೆ. ಬಲ್ಬಿಗೆ ಮೊದಲು ಕರೆಂಟು ಅಳೆಯುವ ಒಂದು ಆಮ್ಮೀಟರ್, ನಂತರ ಒಂದು ಆಮ್ಮೀಟರ್ ಹಾಕಿ ನೋಡಿ. ಎರಡೂ ಒಂದೇ ತೋರಿಸುತ್ತವೆ. ಪ್ರತಿ ವರ್ಷ ನಾನು ಇದನ್ನು ಮಾಡಿ ತೋರಿಸುತ್ತೇನೆ, ಪ್ರತಿ ವರ್ಷ ಯಾರಾದರೂ ಒಬ್ಬರು ಮೀಟರ್ ಕೆಟ್ಟಿದೆ ಎನ್ನುತ್ತಾರೆ.

ಖರ್ಚಾಗುವುದು ಶಕ್ತಿ. ಹೋಟೆಲಿನಲ್ಲಿ ಮಾಣಿ ಅಡುಗೆ ಮನೆಯಿಂದ ಇಡ್ಲಿ ತಟ್ಟೆ ಹಿಡಿದು ಬರುತ್ತಾನೆ, ಟೇಬಲ್ಲಿನಲ್ಲಿ ಇಡುತ್ತಾನೆ, ಬರಿಗೈಯಲ್ಲಿ ಒಳಗೆ ಹೋಗುತ್ತಾನೆ. ಗಿರಾಕಿ ಇಡ್ಲಿ ತಿನ್ನುತ್ತಾನೆ, ಮಾಣಿಯನ್ನಲ್ಲ. ಮಾಣಿ ಚಾರ್ಜು, ಇಡ್ಲಿ ಶಕ್ತಿ, ಗಿರಾಕಿ ಬಲ್ಬು, ಅಡುಗೆ ಮನೆ ಸೆಲ್ಲು. ಗಂಟೆಗೆ ಎಷ್ಟು ಸಲ ಮಾಣಿಗಳು ಹಾದುಹೋದರು ಎಂಬುದು ಕರೆಂಟು. ಒಬ್ಬೊಬ್ಬರ ಕೈಯಲ್ಲಿ ಎಷ್ಟು ಇಡ್ಲಿ ಇತ್ತು ಎಂಬುದು ವೋಲ್ಟೇಜು. ಒಂದು ಕೂಲಂಬ್ ಚಾರ್ಜಿಗೆ ಒಂದು ಜೌಲ್ ಶಕ್ತಿ ಎಂದರೆ ಒಂದು ವೋಲ್ಟ್. ವ್ಯಾಖ್ಯೆ ಅಷ್ಟೇ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಒಮ್ಮೆ ಕೂತು ನೋಡಿದ ಮಕ್ಕಳು ಇದನ್ನು ಮರೆತದ್ದಿಲ್ಲ.

ಮನೆಯ ಮೀಟರ್ ಅಳೆಯುವುದೂ ಶಕ್ತಿಯನ್ನೇ. ಬಿಲ್ಲಿನಲ್ಲಿ ಬರುವ ಒಂದು ಯುನಿಟ್ ಎಂದರೆ ಒಂದು ಕಿಲೋವಾಟ್ ಅವರ್, ಅಂದರೆ 36 ಲಕ್ಷ ಜೌಲ್. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಬಿಡದೆ ಒಂದು ಗಂಟೆ ಉರಿದರೆ ಒಂದು ಯುನಿಟ್.

ವೋಲ್ಟೇಜನ್ನು ನೀರಿನ ಟ್ಯಾಂಕಿಗೆ ಹೋಲಿಸುತ್ತಾರೆ. ಅದು ಸರಿಯೇ?

ಸ್ವಲ್ಪ ದೂರ ಸರಿ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ಕೆಳಗೆ ನೀರಿನ ಜೋರು ಜಾಸ್ತಿ. ಎತ್ತರ ಯಾವಾಗಲೂ ಎರಡು ಜಾಗಗಳ ನಡುವಿನ ಲೆಕ್ಕ, ವೋಲ್ಟೇಜೂ ಹಾಗೇ. ‘ಈ ಬಿಂದುವಿನಲ್ಲಿ ಎಷ್ಟು ವೋಲ್ಟ್’ ಎಂದು ಯಾರಾದರೂ ಕೇಳಿದರೆ ‘ಯಾವುದಕ್ಕೆ ಹೋಲಿಸಿ?’ ಎಂದು ತಿರುಗಿ ಕೇಳಿ. ಮುಂಬಯಿಗೆ ಈ ಹೋಲಿಕೆ ಬರೀ ಹೋಲಿಕೆಯೂ ಅಲ್ಲ. ಲೋಣಾವಳದ ಕಡೆಯ ಕೆರೆಗಳ ನೀರು ಘಟ್ಟದಿಂದ ಸುಮಾರು ಅರ್ಧ ಕಿಲೋಮೀಟರ್ ಕೆಳಗಿನ ಖೋಪೋಲಿಗೆ ಧುಮುಕಿ ವಿದ್ಯುತ್ ಆಗುತ್ತದೆ. 1915ರಲ್ಲಿ ಇಲ್ಲಿನ ಗಿರಣಿಗಳಿಗೆ ಬಂದದ್ದು ಆ ಎತ್ತರವೇ, ವೋಲ್ಟೇಜಿನ ವೇಷದಲ್ಲಿ.

ಹೋಲಿಕೆ ಎಲ್ಲಿ ಮುರಿಯುತ್ತದೆ ಗೊತ್ತೇ? ಪೈಪು ಕತ್ತರಿಸಿದರೆ ನೀರು ಸುರಿಯುತ್ತದೆ. ಸೆಲ್ಲಿನ ವೈರು ಕತ್ತರಿಸಿದರೆ ಏನೂ ಸುರಿಯುವುದಿಲ್ಲ, ಇಡೀ ಹರಿವೇ ನಿಲ್ಲುತ್ತದೆ. ಸುತ್ತು ಪೂರ್ತಿಯಾಗದಿದ್ದರೆ ಕರೆಂಟಿಲ್ಲ.

ಎಲೆಕ್ಟ್ರಾನ್ ಮೈನಸ್ಸಿನಿಂದ ಪ್ಲಸ್ಸಿಗೆ ಹೋಗುತ್ತದೆ. ಬಾಣ ಮಾತ್ರ ಪ್ಲಸ್ಸಿನಿಂದ ಏಕೆ?

ಪ್ಲಸ್ಸು, ಮೈನಸ್ಸು ಎಂಬ ಹೆಸರುಗಳು 18ನೇ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್ ಕಾಲದವು. ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡದ್ದು 1897ರಲ್ಲಿ. ಅಷ್ಟರಲ್ಲಿ ಪುಸ್ತಕಗಳೆಲ್ಲ ಬರೆದಾಗಿತ್ತು. ಲೆಕ್ಕಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಬಾಣವನ್ನು ಪ್ಲಸ್ಸಿನಿಂದ ಮೈನಸ್ಸಿಗೇ ಹಾಕಿ, ಮಾರ್ಕು ತೆಗೆದುಕೊಳ್ಳಿ.

ಓಮ್‌ನ ನಿಯಮ ಎಲ್ಲದಕ್ಕೂ ಅನ್ವಯಿಸುತ್ತದೆಯೇ?

1827ರಲ್ಲಿ ಗಿಯಾರ್ಗ್ ಓಮ್ ಪ್ರಕಟಿಸಿದ ನಿಯಮ ಇದು. ವೋಲ್ಟೇಜು ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟು, ಉಷ್ಣತೆ ಬದಲಾಗದಿದ್ದರೆ. ಈ ಕೊನೆಯ ಎರಡು ಪದದ ಷರತ್ತನ್ನು ಮಕ್ಕಳು ಬಿಟ್ಟೇ ಬಿಡುತ್ತಾರೆ.

ಒಬ್ಬ ಹುಡುಗ 60 ವಾಟಿನ ಹಳೇ ಬಲ್ಬಿನ ರೋಧವನ್ನು ಲೆಕ್ಕ ಹಾಕಿದ. ಮನೆಯ ವೋಲ್ಟೇಜು 230, ಅದರ ವರ್ಗವನ್ನು 60ರಿಂದ ಭಾಗಿಸಿದರೆ ಸುಮಾರು 882 ಓಮ್ (ರೋಧದ ಅಳತೆ). ಆಮೇಲೆ ಬಲ್ಬನ್ನು ಹೋಲ್ಡರಿನಿಂದ ತೆಗೆದು ಮಲ್ಟಿಮೀಟರಿನಲ್ಲಿ ಅಳೆದ. ಬಂದದ್ದು 70 ಓಮ್ ಆಸುಪಾಸು. ‘ಪುಸ್ತಕ ತಪ್ಪು ಸರ್’ ಎಂದು ಖುಷಿಯಲ್ಲಿ ಓಡಿ ಬಂದ. ಪುಸ್ತಕವೂ ಸರಿ, ಅವನೂ ಸರಿ. ಅವನು ಅಳೆದದ್ದು ತಣ್ಣಗಿನ ಟಂಗ್‌ಸ್ಟನ್ ಎಳೆಯನ್ನು. ಉರಿಯುವಾಗ ಅದೇ ಎಳೆ ಎರಡು ಸಾವಿರ ಡಿಗ್ರಿ ದಾಟಿ ಬಿಸಿಯಾಗುತ್ತದೆ, ರೋಧ ಹತ್ತು ಪಟ್ಟಿಗಿಂತ ಜಾಸ್ತಿ ಏರುತ್ತದೆ. ಆ ಬಲ್ಬುಗಳು ಹೆಚ್ಚಾಗಿ ಸ್ವಿಚ್ಚು ಹಾಕಿದ ಕ್ಷಣದಲ್ಲೇ ‘ಟಪ್’ ಎಂದು ಹೋಗುತ್ತಿದ್ದವಲ್ಲ, ಕಾರಣ ಇದೇ. ಎಳೆ ತಣ್ಣಗಿದ್ದಾಗ ಒಮ್ಮೆಲೇ ಜಾಸ್ತಿ ಕರೆಂಟು ನುಗ್ಗುತ್ತದೆ. ಎಲ್‌ಇಡಿ ಅಂತೂ ಓಮ್‌ನ ಮಾತನ್ನು ಕೇಳುವುದೇ ಇಲ್ಲ.

ಪ್ಯಾರಲಲ್ಲಿನಲ್ಲಿ ಇನ್ನೊಂದು ರೋಧ ಸೇರಿಸಿದರೆ ಒಟ್ಟು ರೋಧ ಕಡಿಮೆಯಾಗುವುದು ಹೇಗೆ? ಸೇರಿಸಿದರೆ ಹೆಚ್ಚಾಗಬೇಕಲ್ಲ?

ಸಂಜೆ ಆರೂವರೆಗೆ ದಾದರ್ ಸ್ಟೇಷನ್ನಿನ ಬ್ರಿಜ್ಜನ್ನು ನೆನಪಿಸಿಕೊಳ್ಳಿ. ಒಂದೇ ಬ್ರಿಜ್ಜಿದ್ದರೆ ನೂಕುನುಗ್ಗಲು. ಪಕ್ಕದಲ್ಲಿ ಇನ್ನೊಂದು ಬ್ರಿಜ್ಜು ಕಟ್ಟಿದರೆ, ಅದು ಎಷ್ಟೇ ಇಕ್ಕಟ್ಟಾಗಿರಲಿ, ನಿಮಿಷಕ್ಕೆ ದಾಟುವ ಜನ ಜಾಸ್ತಿಯಾಗುತ್ತಾರೆ. ದಾರಿ ಹೆಚ್ಚಿತು, ತಡೆ ಇಳಿಯಿತು. ಅದೇ ಒಂದು ಬ್ರಿಜ್ಜು ಮುಗಿದ ಮೇಲೆ ಮತ್ತೊಂದು ಇಕ್ಕಟ್ಟಿನ ಬ್ರಿಜ್ಜು ಬಂದರೆ ಅದು ಸೀರೀಸು. ತಡೆ ಕೂಡುತ್ತಾ ಹೋಗುತ್ತದೆ.

ಲೆಕ್ಕದಲ್ಲಿ ನೋಡಿ. 3 ಓಮ್, 6 ಓಮ್, 18 ವೋಲ್ಟ್. ಸೀರೀಸಿನಲ್ಲಿ ಒಟ್ಟು 9 ಓಮ್, ಕರೆಂಟು 2 ಆಂಪಿಯರ್. ಎರಡರಲ್ಲೂ ಅದೇ 2, ವೋಲ್ಟೇಜು ಮಾತ್ರ 6 ಮತ್ತು 12 ಎಂದು ಹಂಚಿಹೋಗುತ್ತದೆ. ಪ್ಯಾರಲಲ್ಲಿನಲ್ಲಿ ಎರಡಕ್ಕೂ ಪೂರ್ತಿ 18 ವೋಲ್ಟ್. 3 ಓಮಿನಲ್ಲಿ 6 ಆಂಪಿಯರ್, 6 ಓಮಿನಲ್ಲಿ 3 ಆಂಪಿಯರ್, ಒಟ್ಟು 9. ಅಂದರೆ ಒಟ್ಟು ರೋಧ 2 ಓಮ್. ಇದ್ದ ಎರಡರಲ್ಲಿ ಚಿಕ್ಕದಕ್ಕಿಂತಲೂ ಚಿಕ್ಕದು. ಉತ್ತರ ಹಾಗೆ ಬರದಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಹೆಚ್ಚಿನವರು ಸೂತ್ರದಂತೆ 1/3 + 1/6 ಕೂಡಿಸಿ, ಕೊನೆಯಲ್ಲಿ ಆ ಭಿನ್ನರಾಶಿಯನ್ನು ತಲೆಕೆಳಗು ಮಾಡಲು ಮರೆತಿರುತ್ತಾರೆ.

ಗಣಪತಿ ಮಂಟಪದ ಲೈಟಿನ ಮಾಲೆಯಲ್ಲಿ ಒಂದು ಬಲ್ಬು ಹೋದರೆ ಎಲ್ಲವೂ ಆರುತ್ತವೆ. ಮನೆಯಲ್ಲಿ ಹಾಗಾಗುವುದಿಲ್ಲ. ಏಕೆ?

ಹಳೇ ಮಾಲೆಗಳು ಸೀರೀಸು. 6 ವೋಲ್ಟಿನ ಪುಟ್ಟ ಬಲ್ಬುಗಳನ್ನು ಸುಮಾರು 40 ಪೋಣಿಸಿದರೆ 230 ವೋಲ್ಟಿಗೆ ಸರಿಹೋಗುತ್ತದೆ. ಒಂದು ಹೋದರೆ ಸುತ್ತು ಕಡಿಯುತ್ತದೆ. ಈಗಿನ ಎಲ್‌ಇಡಿ ಮಾಲೆಗಳಲ್ಲಿ ಹಲವು ಸೀರೀಸು ತುಂಡುಗಳನ್ನು ಪ್ಯಾರಲಲ್ಲಿನಲ್ಲಿ ಜೋಡಿಸಿರುತ್ತಾರೆ, ಅದಕ್ಕೇ ಒಂದು ತುಂಡು ಮಾತ್ರ ಕತ್ತಲಾಗುತ್ತದೆ. ಮನೆಯ ವೈರಿಂಗಿನಲ್ಲಿ ಪ್ರತಿ ಬಲ್ಬು, ಫ್ಯಾನು ಪ್ಯಾರಲಲ್ಲು.

60 ವಾಟ್ ಮತ್ತು 100 ವಾಟ್ ಬಲ್ಬುಗಳನ್ನು ಸೀರೀಸಿನಲ್ಲಿ ಹಾಕಿದರೆ ಯಾವುದು ಜಾಸ್ತಿ ಬೆಳಗುತ್ತದೆ?

60ರದ್ದು. ಇದು ನನ್ನ ಮೆಚ್ಚಿನ ಪ್ರಶ್ನೆ. ಕ್ಲಾಸಿನಲ್ಲಿ ಕೈ ಎತ್ತಿಸಿದರೆ ಮುಕ್ಕಾಲು ಪಾಲು 100ರ ಕಡೆಗೇ ಬೀಳುತ್ತದೆ.

ಬಲ್ಬಿನ ಮೇಲೆ ಬರೆದ ವಾಟು ಅದರ ಹುಟ್ಟುಗುಣವಲ್ಲ. ಪೂರ್ತಿ 230 ವೋಲ್ಟ್ ಸಿಕ್ಕರೆ ಎಷ್ಟು ಎಂಬ ಹೇಳಿಕೆ ಅಷ್ಟೇ. 100 ವಾಟಿನದು ಜಾಸ್ತಿ ಕರೆಂಟು ಬಿಡಬೇಕು, ಹಾಗಾಗಿ ಅದರ ರೋಧ ಕಡಿಮೆ, ಸುಮಾರು 529 ಓಮ್. 60ರದ್ದು 882. ಸೀರೀಸಿನಲ್ಲಿ ಇಬ್ಬರಿಗೂ ಕರೆಂಟು ಒಂದೇ. ಈಗ ಯಾರ ರೋಧ ಜಾಸ್ತಿಯೋ ಅವರ ಪಾಲಿಗೆ ವೋಲ್ಟೇಜು ಜಾಸ್ತಿ, ಶಕ್ತಿಯೂ ಜಾಸ್ತಿ. ರೋಧ ಬದಲಾಗದು ಎಂದುಕೊಂಡರೆ 60ರ ಬಲ್ಬಿಗೆ ಸುಮಾರು 23.4 ವಾಟ್, 100ರದ್ದಕ್ಕೆ 14 ವಾಟ್. ನಿಜವಾಗಿ ಮಾಡಿದರೆ ಅಂತರ ಇನ್ನೂ ಹೆಚ್ಚು. ಮಂಕಾದ ಬಲ್ಬಿನ ಎಳೆ ಹೆಚ್ಚು ತಣ್ಣಗಾಗಿ ಅದರ ರೋಧ ಮತ್ತಷ್ಟು ಇಳಿಯುತ್ತದೆ. ಮೇಲಿನ ಹುಡುಗನ 70 ಓಮ್ ನೆನಪಿದೆಯಲ್ಲ?

ಇಂಥ ಪ್ರಶ್ನೆಗೆ ನನ್ನ ಒಂದೇ ಉಪಾಯ: ಮೊದಲು ‘ಇಬ್ಬರಿಗೂ ಸಮಾನವಾದದ್ದು ಯಾವುದು?’ ಎಂದು ಕೇಳಿಕೊಳ್ಳಿ. ಸೀರೀಸಾದರೆ ಕರೆಂಟು, ಹಾಗಾಗಿ I ವರ್ಗ R ಸೂತ್ರ ಹಿಡಿಯಿರಿ. ಪ್ಯಾರಲಲ್ಲಾದರೆ ವೋಲ್ಟೇಜು, ಹಾಗಾಗಿ V ವರ್ಗ ಭಾಗಿಸು R. (I ಎಂದರೆ ಕರೆಂಟು, V ವೋಲ್ಟೇಜು, R ರೋಧ.)

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತದೆ. ಎಂಸಿಬಿ ಕೆಟ್ಟಿದೆಯೇ?

ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು. 2000 ವಾಟಿನ ಗೀಸರ್ 8.7 ಆಂಪಿಯರ್, ಒಲೆಯೂ ಅಷ್ಟೇ ಆದರೆ ಇನ್ನೊಂದು 8.7, ಇಸ್ತ್ರಿ 4.3. ಮೂರೂ 16 ಆಂಪಿಯರಿನ ಒಂದೇ ಎಂಸಿಬಿಯ ಮೇಲಿದ್ದರೆ 21 ದಾಟಿತು. ಪ್ಯಾರಲಲ್ಲಿನಲ್ಲಿ ಒಂದೊಂದು ಸೇರಿದಂತೆ ಕರೆಂಟು ಕೂಡುತ್ತದೆ. ವೈರು ಕಾಯುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ, ಆದ್ದರಿಂದ ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು. ನಮ್ಮ ಪರಿಚಯದವರೊಬ್ಬರು ಪದೇ ಪದೇ ಬೀಳುತ್ತದೆ ಎಂದು 32 ಆಂಪಿಯರಿನ ಎಂಸಿಬಿ ಹಾಕಿಸಿದರು, ವೈರು ಹಳೆಯದೇ. ಎಂಸಿಬಿ ಬೀಳುವುದು ನಿಂತಿತು. ಗೋಡೆಯೊಳಗಿನ ವೈರು ಕರಗಿತು.

ಆಮ್ಮೀಟರ್ ಸೀರೀಸಿನಲ್ಲೇ, ವೋಲ್ಟ್‌ಮೀಟರ್ ಪ್ಯಾರಲಲ್ಲಿನಲ್ಲೇ ಏಕೆ?

ಆಮ್ಮೀಟರ್ ಟೋಲ್ ನಾಕಾ ಇದ್ದ ಹಾಗೆ. ಎಲ್ಲರೂ ಅದರೊಳಗಿಂದಲೇ ಹಾದುಹೋಗಬೇಕು, ಯಾರನ್ನೂ ತಡೆಯಬಾರದು. ಹಾಗಾಗಿ ಅದರ ರೋಧ ಬಹಳ ಕಡಿಮೆ. ವೋಲ್ಟ್‌ಮೀಟರ್ ಎರಡು ಜಾಗಗಳ ವ್ಯತ್ಯಾಸ ನೋಡುವುದು, ಅದು ಪಕ್ಕದಲ್ಲಿ ನಿಂತು ನೋಡಬೇಕು, ಕರೆಂಟು ಕದಿಯಬಾರದು. ಅದರ ರೋಧ ಬಹಳ ಜಾಸ್ತಿ. ಆಮ್ಮೀಟರನ್ನು ನೇರ ಬ್ಯಾಟರಿಯ ಎರಡು ತುದಿಗೆ ಹಿಡಿದರೆ ಶಾರ್ಟ್ ಆದಂತೆಯೇ. ಇದು ನನಗೆ ಹೇಗೆ ಗೊತ್ತು ಎಂದರೆ, ಹೊಸ ಮಲ್ಟಿಮೀಟರಿನ ಫ್ಯೂಸನ್ನು ತಂದ ದಿನವೇ ಸುಟ್ಟವನು ನಾನು.

ಲೋಕಲ್ ಟ್ರೇನಿನ ಮೇಲೆ ಒಂದೇ ತಂತಿ ಇದೆ. ಸುತ್ತು ಪೂರ್ತಿಯಾಗುವುದು ಹೇಗೆ?

ಎರಡನೇ ತಂತಿ ಕಾಲ ಕೆಳಗಿದೆ: ಹಳಿ. ಮೇಲಿನ ತಂತಿಯಿಂದ ಪ್ಯಾಂಟೋಗ್ರಾಫ್ (ಗಾಡಿಯ ನೆತ್ತಿಯಿಂದ ತಂತಿಗೆ ತಾಗುವ ಕೈ) ಮೂಲಕ ಇಳಿದ ಕರೆಂಟು ಗಾಡಿಯೊಳಗಿನ ಟ್ರಾನ್ಸ್‌ಫಾರ್ಮರ್ ಹಾದು, ಚಕ್ರದಿಂದ ಹಳಿಗೆ ಬಂದು ಸಬ್‌ಸ್ಟೇಷನ್ನಿಗೆ ವಾಪಸಾಗುತ್ತದೆ.

ದೇಶದ ಮೊದಲ ಎಲೆಕ್ಟ್ರಿಕ್ ರೈಲು 1925ರ ಫೆಬ್ರವರಿ 3ರಂದು ಇಲ್ಲೇ, ಬೋರಿಬಂದರಿನ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿತು. ಆಗ 1500 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. 2016ರಲ್ಲಿ ಹಾರ್ಬರ್ ಲೈನೂ ಬದಲಾದ ಮೇಲೆ ಮುಂಬಯಿ ಲೋಕಲ್ ಪೂರ್ತಿ 25,000 ವೋಲ್ಟ್ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಏಕೆ ಬದಲಿಸಿದರು ಎಂಬುದಕ್ಕೆ ಹತ್ತನೇ ಕ್ಲಾಸಿನ ಸೂತ್ರ ಸಾಕು. ಗಾಡಿಗೆ 15 ಲಕ್ಷ ವಾಟ್ ಬೇಕು ಎನ್ನಿ. 1500 ವೋಲ್ಟಿನಲ್ಲಿ 1000 ಆಂಪಿಯರ್ ಬೇಕು, 25,000ದಲ್ಲಿ ಬರೀ 60 (ಎಸಿಯ ಸೂಕ್ಷ್ಮಗಳನ್ನು ಸದ್ಯ ಬಿಡಿ). ತಂತಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ. ಅದೇ ತಂತಿಯಾದರೆ ಪೋಲು ಸುಮಾರು 278 ಪಟ್ಟು ಕಡಿಮೆ.

ಆ ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲವಲ್ಲ?

ಅದರ ಎರಡು ಕಾಲೂ ಒಂದೇ ತಂತಿಯ ಮೇಲಿವೆ. ಕಾಲುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ರೆಕ್ಕೆ ಚಾಚಿ ಪಕ್ಕದ ಕಬ್ಬಿಣದ ಕಂಬ ಮುಟ್ಟಿದರೆ ಕಥೆ ಮುಗಿಯಿತು. ಮನುಷ್ಯರಿಗೆ ಮುಟ್ಟುವುದೂ ಬೇಡ. 25,000 ವೋಲ್ಟ್ ಗಾಳಿಯಲ್ಲೇ ಜಿಗಿದು ಬರುತ್ತದೆ. ಸೆಲ್ಫಿಗೆಂದು ನಿಂತ ಗಾಡಿಯ ಮೇಲೆ ಹತ್ತಿದ ಹುಡುಗರು ಸುಟ್ಟುಹೋದ ಸುದ್ದಿಗಳಲ್ಲಿ ಅವರು ತಂತಿ ಮುಟ್ಟಿರಲೇಬೇಕೆಂದಿಲ್ಲ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಒಂದು ಪಿನ್ನು ಉದ್ದ, ದಪ್ಪ. ಏಕೆ?

ಅದು ಅರ್ಥಿಂಗ್, ಅಂದರೆ ನೆಲಕ್ಕೆ ಹೋಗುವ ವೈರಿನದು. ಉದ್ದವಿರುವುದರಿಂದ ಮೊದಲು ಸೇರುತ್ತದೆ, ಕೊನೆಗೆ ಬಿಡುತ್ತದೆ. ದಪ್ಪವಿರುವುದರಿಂದ ಬೇರೆ ತೂತಿಗೆ ಹೋಗುವುದಿಲ್ಲ. ಗೀಸರಿನ ಲೋಹದ ಮೈಗೆ ಒಳಗಿನ ವೈರು ತಾಗಿದರೆ ಕರೆಂಟಿಗೆ ನಿಮ್ಮ ಮೈಗಿಂತ ಸುಲಭದ ದಾರಿ ಸಿಗಲಿ ಎಂದು ಅದು ಇರುವುದು. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಒದ್ದೆ ಚರ್ಮದ ರೋಧ ಒಣ ಚರ್ಮದ್ದಕ್ಕಿಂತ ಬಹಳ ಕಡಿಮೆ. ಕೆಳಗಿನ ಮೀಟರ್ ರೂಮಿಗೆ ನೀರು ನುಗ್ಗಿದ್ದರೆ ಆ ಕಡೆ ಹೋಗಲೇಬೇಡಿ.

ಮನೆಯಲ್ಲಿ ಮಾಡಿ ನೋಡಲು ಏನೇನು ಬೇಕು?

ಗೋಡೆಯ ಸಾಕೆಟ್ಟಿನಿಂದ ಯಾವ ಪ್ರಯೋಗವೂ ಬೇಡ, ಇದರಲ್ಲಿ ಚರ್ಚೆಯಿಲ್ಲ. ಸೆಲ್ಲು, 9 ವೋಲ್ಟಿನ ಬ್ಯಾಟರಿ ಸಾಕು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದರೆ ಲ್ಯಾಮಿಂಗ್ಟನ್ ರೋಡ್. ಅಲ್ಲಿ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ಹಲಗೆ), ಎಲ್‌ಇಡಿ, ರೆಸಿಸ್ಟರ್ (ರೋಧ ಕೊಡುವ ಬಿಡಿಭಾಗ), ಸಾದಾ ಮಲ್ಟಿಮೀಟರ್ ಎಲ್ಲವೂ ಸಿಗುತ್ತವೆ. ಅಂಗಡಿಯವರಿಗೆ ‘470 ಓಮ್, ಪಾವ್ ವಾಟ್’ (ಕಾಲು ವಾಟ್) ಎಂದರೆ ಅರ್ಥವಾಗುತ್ತದೆ.

ಆ 470 ಎಲ್ಲಿಂದ ಬಂತು? ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. 9ರಲ್ಲಿ ಉಳಿದದ್ದು 7. ಅದನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿಆಂಪಿಯರ್, ಎಲ್‌ಇಡಿಗೆ ಹಿತವಾದ ಕರೆಂಟು. ರೆಸಿಸ್ಟರನ್ನು ಎಲ್‌ಇಡಿಗೆ ಮೊದಲು ಹಾಕಬೇಕೋ ಆಮೇಲೋ ಎಂದು ಮಕ್ಕಳು ಜಗಳಾಡುತ್ತಾರೆ. ಎರಡೂ ರೀತಿ ಹಾಕಿ ನೋಡಿ. ಬೆಳಕಿನಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣದಿದ್ದರೆ, ಮೇಲಿನ ಮಾಣಿಯ ಉತ್ತರವನ್ನು ಇನ್ನೊಮ್ಮೆ ಓದಿ. ಎಲ್‌ಇಡಿ ಹತ್ತಲೇ ಇಲ್ಲವೇ? ತಿರುಗಿಸಿ ಹಾಕಿ, ಉದ್ದ ಕಾಲು ಪ್ಲಸ್ಸಿನ ಕಡೆಗೆ.